ಗಂಗವ್ವನ ಬಾಯಿ, ಯಾರದೋ ದನಿ

ಮೊನ್ನೆ ಟ್ರಂಕಿನ ಬಟ್ಟೆಗಳಿಗೆ ಬಿಸಿಲು ತೋರಿಸೋಣವೆಂದು ಎಲ್ಲವನ್ನೂ ಹೊರಗೆ ಹಾಕಿದಾಗ ತಳದಿಂದ ಒಂದು ಕೆಂಪು ಪೇಟ ಹೊರಬಿತ್ತು. ನಮ್ಮ ಮನೆಯಲ್ಲಿ ಪೇಟ ಸುತ್ತುವವರು ಯಾರೂ ಇಲ್ಲ. ಅದರ ಅಂಚಿನ ಥಳಥಳ ಜರಿ ನೋಡಿದರೆ, ಯಾವ ಮರ್ಯಾದಸ್ಥನೂ ಅದನ್ನು ಸುತ್ತಿಕೊಂಡು ಯರಗಟ್ಟಿ ಸಂತೆಗೆ ಹೋಗಲಾರ. ಅದು ಸಿನಿಮಾದವರ ಪೇಟ. ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಲಿಲ್ಲ. ಕದ್ದೆ ಎಂದು ಮಾತ್ರ ಹೇಳಬೇಡಿ. ಅವರು ನಮ್ಮೂರಿಂದ ಒಯ್ದದ್ದು ಏನೆಂದು ಕೇಳಿದ ಮೇಲೆ ನೀವೇ ತೀರ್ಮಾನ ಮಾಡಿ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ತುಮಕೂರು ಕಡೆಯವಳು. ಸಿರಸಂಗಿಗೂ ಯರಗಟ್ಟಿಗೂ ನಡುವಿನ ಒಂದು ಹಳ್ಳಿಯ ಶಾಲೆಗೆ ಶಿಕ್ಷಕಿಯಾಗಿ ಬಂದು ಗಂಗವ್ವ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬಂದ ವಾರವೇ ಅಂಗಡಿಗೆ ಹೋಗಿ "ಅರ್ಧ ಕೇಜಿ ಕಡ್ಲೆಬೀಜ ಕೊಡಿ" ಎಂದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಿತ್ತಾಕೇನ್ರಿ ಅಕ್ಕಾರ? ಹೊಲ ಎಲ್ಲಿ ಹಿಡದೀರಿ?" ಎಂದು ಗೌರವದಿಂದ ಕೇಳಿದ. ಶೇಂಗಾ ಎನ್ನಬೇಕಿತ್ತು. ಆಮೇಲೆ ತಿಂಗಳುಗಟ್ಟಲೆ ದಾರಿಯಲ್ಲಿ ಸಿಕ್ಕವರೆಲ್ಲ ನನ್ನ ಬೆಳೆ ಹೇಗಿದೆ ಎಂದು ವಿಚಾರಿಸಿದರು.

ಹೀಗಿರುವಾಗ ಬೆಂಗಳೂರಿನಿಂದ ಸಿನಿಮಾದವರು ಬಂದರು. ಪಟ್ಟಣದ ಅಧಿಕಾರಿಯೊಬ್ಬ ವರ್ಗವಾಗಿ ಹಳ್ಳಿಗೆ ಬರುತ್ತಾನೆ, ಊರವರ ಕೈಯಲ್ಲಿ ಸಿಕ್ಕಿ ಪಡಬಾರದ ಪಾಡು ಪಡುತ್ತಾನೆ, ಕೊನೆಗೆ ಊರು ಬಿಡಲಾರದೆ ಅಳುತ್ತಾನೆ. ಇದು ಕಥೆ. ಅವರು ನನ್ನನ್ನು "ಬನ್ನಿ ಟೀಚರ್" ಎಂದು ಕರೆದದ್ದೇ ತಡ, ತವರಿನವರು ಬಂದಷ್ಟು ಹಿಗ್ಗಿ ಹೋದೆ. ಊರವರಿಗೂ ಅವರಿಗೂ ನಡುವೆ ಮಾತು ದಾಟಿಸುವ ಕೆಲಸ ನನ್ನದಾಯಿತು.

ಅವರಿಗೆ ಕಂಡ ಮೊದಲ ತೊಂದರೆಯೆಂದರೆ, ನಮ್ಮ ಹಳ್ಳಿ ಹಳ್ಳಿಯ ಹಾಗೆ ಕಾಣುತ್ತಿರಲಿಲ್ಲ. ಮಾಳಿಗೆಯ ಮೇಲಿನ ಟಿವಿ ಆಂಟೆನಾಗಳು ಇಳಿದವು. ಪ್ಲಾಸ್ಟಿಕ್ ಕೊಡಗಳು ಒಳಗೆ ಹೋಗಿ, ಲಾರಿಯಲ್ಲಿ ಬಂದ ಮಣ್ಣಿನ ಗಡಿಗೆಗಳು ಕಟ್ಟೆಯ ಮೇಲೆ ಕುಳಿತವು. ಗಾಂಧಿ ಟೋಪಿಯ ಹಿರಿಯರ ಕೈಗೆ ಕೆಂಪು ಪೇಟ ಕೊಟ್ಟು ಸುತ್ತಿಕೊಳ್ಳಲು ಹೇಳಿದರು. ಒಬ್ಬ ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕಾರ, ಇದನ್ನ ಸುತಗೊಂಡು ಮನಿಗೆ ಹ್ವಾದ್ರ ನಮ್ಮ ಎತ್ತ ನನ್ನ ಹಾಯತೈತ್ರಿ" ಎಂದ. ನಾನು ಅದನ್ನು ನಿರ್ದೇಶಕರಿಗೆ "ತುಂಬಾ ಚೆನ್ನಾಗಿದೆ ಅಂತಿದ್ದಾರೆ ಸರ್" ಎಂದು ದಾಟಿಸಿದೆ. ಅಜ್ಜ ಪೇಟವನ್ನು ನನ್ನ ಕೈಗೇ ಹಾಕಿ ಹೋದ.

ಗಂಗವ್ವನ ಅಗಲ ಮುಖ, ಹಣೆ ತುಂಬ ವಿಭೂತಿ ನೋಡಿ ನಿರ್ದೇಶಕರು ಅವಳಿಗೊಂದು ಪಾತ್ರ ಕೊಟ್ಟರು. ನಾಯಕ ಬಿಸಿಲಲ್ಲಿ ನಡೆದು ಬಂದು ಕದ ಬಡಿಯುತ್ತಾನೆ. ಅವಳು ತೆಗೆದು, "ಯಾರ್ಲಾ ನೀನು? ಯಾಕ್ಲಾ ಬಂದೆ ನಮ್ಮೂರ್ಗೆ?" ಎನ್ನಬೇಕು. ಇಷ್ಟೇ.

"ಅಕ್ಕಾರ, ಈ 'ಲಾ' ಅಂದ್ರ ಏನ್ರಿ?" ಎಂದು ಗಂಗವ್ವ ನನ್ನನ್ನು ಕೇಳಿದಳು. ನಮ್ಮ ಕಡೆ ಹಳ್ಳಿಯವರು ಹಾಗೆ ಮಾತಾಡುತ್ತಾರೆ ಎಂದು ಹೇಳಿದೆ.

"ಅದ ಹೋಗಲಿ. ಬಿಸಲಾಗ ಬಂದಾವನ್ನ ಬಾಗಲದಾಗ ನಿಂದರಿಸಿ ಯಾಕ ಬಂದಿ ಅಂತ ಕೇಳೂದೇನ್ರಿ? ನೀರು ಕೊಟ್ಟು, ಕುಂದರಿಸಿ, ಆಮ್ಯಾಲ ಕೇಳಬೇಕು."

"ಅಮ್ಮಾ, ಇದು ಸಿನಿಮಾ" ಎಂದರು ನಿರ್ದೇಶಕರು.

"ಸಿನಿಮಾದವರಿಗೆ ನೀರಡಿಕಿ ಆಗೂದಿಲ್ಲೇನ್ರಿ?"

ಕ್ಯಾಮೆರಾ ಶುರುವಾಯಿತು. ಗಂಗವ್ವ ಕದ ತೆಗೆದಳು. ಒಂದು ಕೈಯಲ್ಲಿ ನೀರಿನ ಚರಿಗೆ, ಇನ್ನೊಂದರಲ್ಲಿ ಬೆಲ್ಲದ ಹೆಂಟೆ. "ಬಾರಪಾ ತಮ್ಮಾ, ಮೊದಲ ನೀರು ಕುಡಿ. ಹೆಸರು ಆಮ್ಯಾಲ ಹೇಳೀಯಂತ." ಕಟ್! ಮತ್ತೆ ಮಾಡಿದರು. ಮತ್ತೆ ಬೆಲ್ಲ, ಮತ್ತೆ ನೀರು, ಮತ್ತೆ ಅದೇ ಮಾತು. ನಾನು ಬೇಡಿಕೊಂಡೆ, ನಿರ್ದೇಶಕರು ಕೈಮುಗಿದರು. ಎಂಟನೆಯ ಸಲಕ್ಕೆ ನಾಯಕ ತೇಗಿದ. ಹತ್ತನೆಯದಾದ ಮೇಲೆ ಬಣವೆಯ ಹಿಂದಕ್ಕೆ ಓಡಿದ. ಹನ್ನೊಂದನೆಯದಕ್ಕೆ ನಿರ್ದೇಶಕರು "ಓಕೆ" ಎಂದು ಕುರ್ಚಿಯಲ್ಲಿ ಕುಸಿದರು. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಸಾಮಾನು ಕಟ್ಟುವಾಗ ಸಹಾಯಕ ನಿರ್ದೇಶಕ ನನ್ನನ್ನು ಪಕ್ಕಕ್ಕೆ ಕರೆದ. "ಟೀಚರ್, ಆ ಡೈಲಾಗ್ ಡಬ್ಬಿಂಗ್‌ನಲ್ಲಿ ಸರಿ ಮಾಡ್ಕೋತೀವಿ, ಬೇರೆಯವರ ವಾಯ್ಸ್ ಹಾಕಿ. ಅಜ್ಜಿಗೆ ಹೇಳ್ಬೇಡಿ, ಪಾಪ. ಕೃತಜ್ಞತೆಗಳಲ್ಲಿ ನಿಮ್ಮ ಹೆಸರು ಹಾಕಿಸ್ತೀವಿ."

ನಾನು ಏನು ಮಾಡಿದೆ ಗೊತ್ತೇ? ಚೀಟಿಯಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಹಿತ ದುಂಡಗೆ ಬರೆದುಕೊಟ್ಟೆ.

ಮುಂದಿನ ಏಳೆಂಟು ತಿಂಗಳು ನನಗೆ ಸುಖವಿರಲಿಲ್ಲ. ಗಂಗವ್ವ ಹಾಲಿನವನಿಗೂ ಅಂಚೆಯವನಿಗೂ ಬಳೆಗಾರನಿಗೂ ತನ್ನ ಮಾತನ್ನು ಹೇಳಿ ತೋರಿಸಿದಳು. ರಾಮದುರ್ಗದಲ್ಲಿದ್ದ ತಂಗಿಗೆ "ಸಿನಿಮಾ ಬಂತಂದ್ರ ಬೈಲಹೊಂಗಲಕ್ಕ ಬಾ, ನಾ ಮಾತಾಡೂದ ಕೇಳೀಯಂತ" ಎಂದು ಕಾಗದ ಬರೆಸಿದಳು. ಬರೆದದ್ದು ನಾನೇ. ಅವಳು ಹೇಳಿದಂತೆ ಒಂದಕ್ಷರ ಬಿಡದೆ ಬರೆದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಸಿನಿಮಾ ಬಂತು. ಟ್ರ್ಯಾಕ್ಟರಿನ ಟ್ರೇಲರ್ ತುಂಬ ಜನ ಬೈಲಹೊಂಗಲದ ಟಾಕೀಜಿಗೆ ಮ್ಯಾಟಿನಿಗೆ ಹೋದೆವು. ಕೃತಜ್ಞತೆಗಳು ಬಂದವು, ಹೋದವು. ನನ್ನ ಹೆಸರಿರಲಿಲ್ಲ. ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಕದ ತೆರೆಯಿತು. ಊರವರು ಸಿಳ್ಳೆ ಹಾಕಿದರು. ಅಷ್ಟೆತ್ತರದ ಗಂಗವ್ವ ಬಾಯಿ ತೆರೆದಳು. ಯಾರದೋ ಕೀರಲು ದನಿ ಬಂತು: "ಯಾರ್ಲಾ ನೀನು? ಯಾಕ್ಲಾ ಬಂದೆ ನಮ್ಮೂರ್ಗೆ?"

ಸಿಳ್ಳೆ ನಿಂತಿತು. ರಾಮದುರ್ಗದ ತಂಗಿ ಅಕ್ಕನ ಕಡೆ ತಿರುಗಿದಳು. ಗಂಗವ್ವ ಎದ್ದು ನಿಂತಳು.

"ಏ! ನಾ ಹಂಗ ಅಂದಿಲ್ಲ!"

"ಕುಂದರಬೇ ಮುದಕಿ!" ಎಂದು ಹಿಂದಿನಿಂದ ಯಾರೋ ಪರವೂರಿನವನು ಕೂಗಿದ.

"ನನ್ನ ಬಾಯಿ ಅದು, ನನಗ ಗೊತ್ತಿಲ್ಲೇನ?" ಎಂದು ಅವನಿಗೆ ಹೇಳಿ, ಪರದೆಯ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ ನಾಯಕನ ಕಡೆ ಕೈ ಚಾಚಿ, ಗಂಟಲು ತುಂಬ ಅಂದಳು: "ಬಾರಪಾ ತಮ್ಮಾ, ಮೊದಲ ನೀರು ಕುಡಿ! ಹೆಸರು ಆಮ್ಯಾಲ ಹೇಳೀಯಂತ!"

ಟಾಕೀಜು ಕಿತ್ತುಹೋಗುವಂತೆ ಜನ "ಒನ್ಸ್ ಮೋರ್" ಎಂದು ಕೂಗಿದರು. ಕುಂದರಬೇ ಎಂದವನೇ ಎಲ್ಲರಿಗಿಂತ ಜೋರಾಗಿ ಕೂಗಿದ. ಸುದ್ದಿ ಹಬ್ಬಿತು. ಮರುದಿನದಿಂದ ಆ ದೃಶ್ಯ ಬಂದಾಗ ಆಪರೇಟರ್ ತಾನಾಗಿಯೇ ಸದ್ದು ಇಳಿಸುತ್ತಿದ್ದನಂತೆ, ಜನರೆಲ್ಲ ಒಟ್ಟಾಗಿ ಗಂಗವ್ವನ ಮಾತು ಹೇಳುತ್ತಿದ್ದರಂತೆ. ಆ ಸಿನಿಮಾ ಬೇರೆ ಊರುಗಳಲ್ಲಿ ಎಷ್ಟು ದಿನ ಓಡಿತೋ ನನಗೆ ಗೊತ್ತಿಲ್ಲ. ನಮ್ಮ ಕಡೆಯಲ್ಲಂತೂ ಸಂತೆಗೆ ಬಂದವರು ಅದನ್ನು ನೋಡದೆ, ಕ್ಷಮಿಸಿ, ಅದಕ್ಕೆ ಮಾತು ಕೊಡದೆ ಹೋಗುತ್ತಿರಲಿಲ್ಲ.

ಮರಳುವಾಗ ಟ್ರೇಲರಿನಲ್ಲಿ ಗಂಗವ್ವನ ಪಕ್ಕ ಕುಳಿತು, "ಆಯಿ, ನನಗೆ ಮೊದಲೇ ಗೊತ್ತಿತ್ತು" ಎಂದೆ. ಮುರಗೋಡ ದಾಟಿದ ಮೇಲಷ್ಟೇ ಅವಳು ನನ್ನ ಕಡೆ ತಿರುಗಿದಳು. ಆ ದಾರಿ ಅಷ್ಟು ಉದ್ದವೆಂದು ನನಗೆ ಅಂದೇ ತಿಳಿದದ್ದು.

"ಯಾಕ ಹೇಳಲಿಲ್ರಿ?"

"ನನ್ನ ಹೆಸರು ಹಾಕ್ತೀವಿ ಅಂದಿದ್ರು."

"ಹಾಕಿದ್ರೇನ?"

"ಇಲ್ಲ."

ಗಂಗವ್ವ ನಕ್ಕಳು ನೋಡಿ, ಟ್ರೇಲರಿನ ಅಂಚು ಹಿಡಿದುಕೊಳ್ಳಬೇಕಾಯಿತು. "ನಂದು ದನಿ ಹೋತು," ಎಂದು ತನ್ನ ಮುಖ ಮುಟ್ಟಿ ತೋರಿಸಿದಳು, "ಮಾರಿಯರ ಉಳೀತು. ನಿಮ್ಮದು ಮಾರೀನೂ ಇಲ್ಲ, ಹೆಸರೂ ಇಲ್ಲ!" ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಗದರಿದಳು: "ಇನ್ನ ಮ್ಯಾಲ ಹೇಳ್ರಿ. ಊರಾನವರಾಗಿ ಹೊರಗಿನವರ ಗತೆ ಬಾಯಿ ಮುಚಗೊಂಡು ಕುಂದರಬ್ಯಾಡ್ರಿ."

ಬೈಗುಳದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಊರಾನವರು. ಅದು ನಾನು ತುಮಕೂರಿಗೆ ವರ್ಗಾವಣೆಗೆ ಅರ್ಜಿ ಹಾಕಬೇಕಿದ್ದ ವರ್ಷ. ಹಾಕಲಿಲ್ಲ. ಗಂಗವ್ವ ಹೋಗಿ ಬಹಳ ವರ್ಷಗಳಾದವು. ನಾನು ಯರಗಟ್ಟಿಯಲ್ಲೇ ಮನೆ ಮಾಡಿಕೊಂಡು, ಇಲ್ಲೇ ನಿವೃತ್ತಳಾದೆ.

ಹೋದ ವಾರ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಮಂಡ್ಯದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು, "ಆಂಟಿ, ನಿಮ್ಮ ಊರು ಯಾವುದು?" ಎಂದು ಕೇಳಿದಳು.

"ಕುಂದರ್ರಿ ಮೊದಲ, ಹೇಳತೇನಿ" ಎಂದೆ. ಮಾತಿನಲ್ಲಿ ಹೊತ್ತು ಹೋಯಿತು. ಹೇಳುವುದು ನೆನಪಾಗಲೇ ಇಲ್ಲ.