ನಿಪ್ಪಾಣಿಯಿಂದ ಕಾಗವಾಡಕ್ಕೆ, ಒಂದು ಸದ್ದಿನ ಜೊತೆಗೆ

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ನಿಪ್ಪಾಣಿ ಬಿಟ್ಟೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಾರು ಅದಕ್ಕೂ ಮೊದಲೇ ಮುಗಿದಿದೆ ಎಂದು ಓಣಿಯವರು ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವ್ವ ಒಬ್ಬಳೇ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು.

ಅವ್ವನ ತಂಗಿ ಜೈನ ದೀಕ್ಷೆ ಪಡೆದು ಮಾತಾಜಿಯಾದ ಮೇಲೆ ಅಕ್ಕತಂಗಿಯರು ಭೆಟ್ಟಿಯಾಗಿರಲಿಲ್ಲ. ಆ ವರ್ಷ ಮಾತಾಜಿ ಚಾತುರ್ಮಾಸಕ್ಕೆ ಕಾಗವಾಡದ ಬಸದಿಯಲ್ಲಿ ಉಳಿದಿದ್ದರು. ಮಳೆಗಾಲವಿಡೀ ಅವ್ವ ಬೆನ್ನುನೋವಿನಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಈಗ ಚಾತುರ್ಮಾಸ ಮುಗಿದು, ಮರುದಿನ ಮಧ್ಯಾಹ್ನ ಮಾತಾಜಿ ಬರಿಗಾಲಲ್ಲಿ ಉತ್ತರಕ್ಕೆ ವಿಹಾರ ಹೊರಡುವವರಿದ್ದರು. ಹೊರಟರೆಂದರೆ ಮತ್ತೆ ಯಾವ ಊರು, ಯಾವ ವರ್ಷ, ಯಾರಿಗೂ ಗೊತ್ತಿಲ್ಲ. ಬಸ್ಸಿನ ಕುಲುಕಾಟವನ್ನು ಅವ್ವನ ಬೆನ್ನು ತಾಳುತ್ತಿರಲಿಲ್ಲ. ಆದ್ದರಿಂದ ಕಾರು.

ಹೆದ್ದಾರಿ ಬಿಟ್ಟು ಚಿಕ್ಕೋಡಿ ರಸ್ತೆಗೆ ತಿರುಗಿದ್ದೇ ತಡ, ಹಿಂದಿನ ಚಕ್ರದ ಕಡೆಯಿಂದ ಠಣ್ ಎಂದಿತು. ಆಮೇಲೆ ತಗ್ಗು ಬಂದಾಗಲೆಲ್ಲ ಠಣ್, ಅದರ ಬೆನ್ನಿಗೇ ಅವ್ವನ "ಅಯ್ಯವ್ವಾ". ಇಪ್ಪತ್ತೈದು ಕಿಲೋಮೀಟರು ನಾನು ಹೊಲ ನೋಡಲಿಲ್ಲ, ಗಿಡ ನೋಡಲಿಲ್ಲ. ಬರೀ ಕಿವಿಯಾಗಿಬಿಟ್ಟಿದ್ದೆ.

ಚಿಕ್ಕೋಡಿಯ ಗ್ಯಾರೇಜಿನವನು ಕಾರಿನ ಕೆಳಗೆ ಹೊಕ್ಕು ಬಂದ. "ಬುಶ್ ಹೋಗ್ಯಾವ್ರಿ. ಹೊಸಾವು ಹಾಕ್ತೀನಿ, ಬೆಣ್ಣಿ ಹಂಗ ಹೋಗತೈತಿ ನೋಡ್ರಿ" ಎಂದ. ಬೆಣ್ಣೆ ಊರ ಹೊರಗಿನ ಮೊದಲ ತಗ್ಗಿಗೇ ಕರಗಿತು. ಮುಂದೆ ಒಬ್ಬ ಸೈಲೆನ್ಸರ್ ಬಿಗಿದ, ಇನ್ನೊಬ್ಬ ಡಿಕ್ಕಿ ಬರಿದು ಮಾಡಿಸಿ ಜಾಕು, ಸ್ಟೆಪ್ನಿ ಎಲ್ಲ ಕಟ್ಟಿಹಾಕಿದ. ಸದ್ದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹೊತ್ತು ಮುಳುಗಿದ ಮೇಲೆ ಅವ್ವ ಉಣ್ಣುವುದಿಲ್ಲ. ಬೆಳಕಿರುವಾಗಲೇ ರಾಯಬಾಗ ಮುಟ್ಟಿ, ಅವಳ ತವರುಮನೆಯಲ್ಲಿ ಇಳಿದೆವು. ಗೋಡೆಗೆ ಒರಗಿಕೊಂಡು ಅರ್ಧ ರೊಟ್ಟಿ ತಿಂದು ಮಲಗಿದಳು. ಬೆಳಿಗ್ಗೆ ನಾನು ಕಾರು ಒರೆಸುತ್ತಿದ್ದಾಗ ಒಳಗಿನಿಂದಲೇ ಹೇಳಿದಳು: "ನಾ ಮುಂದ ಬರೂದಿಲ್ಲಪಾ. ಒಂದೊಂದ ಬಡತಕ್ಕೂ ಸೊಂಟ ಮುರದಂಗ ಆಗತೈತಿ. ನೀ ಹೋಗಿ ನನ್ನ ವಂದಾಮಿ ಮುಟ್ಟಿಸಿ ಬಾ."

ಅವ್ವ ಸೋತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಸೋದರಮಾವನ ಹೆಂಡತಿ, ನಮ್ಮ ಅತ್ತಿ, ಸೋಲುವವಳಲ್ಲ. ಕಾಗವಾಡಕ್ಕೆ ಹೊರಟು ಬಸ್ಸು ತಪ್ಪಿಸಿಕೊಂಡಿದ್ದ ನೆರೆಯ ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡೇ ಬಂದಳು. "ಅಕ್ಕಾ, ನೀವು ನಡುವ ಕೂಡ್ರಿ. ನಾವು ಎರಡೂ ಕಡೆ ಹಿಡಕೋತೀವಿ. ಊರ ಅಗಸಿ ತನಕ ನೋಡೂನು, ನೋವಾದ್ರ ತಿರುಗಿ ಬರೂನು" ಎಂದಳು. ಬಸದಿಯ ಅಡುಗೆಗೆಂದು ಅಕ್ಕಿಯ ಚೀಲ, ಬೆಲ್ಲದ ಪೆಂಟಿ ಡಿಕ್ಕಿಗೆ ಬಿದ್ದವು. ಕಾರು ಬಸುರಿಯಂತೆ ಕುಸಿಯಿತು. ಇನ್ನು ಇದರ ಕಥೆ ಮುಗಿಯಿತು ಎಂದುಕೊಂಡೆ.

ಕಾರು ಅಗಸಿಬಾಗಿಲು ದಾಟಿತು. ಸದ್ದಿಲ್ಲ. ಕಬ್ಬಿನ ಗಾಡಿಗಳು ಕೊರೆದ ದೊಡ್ಡ ತಗ್ಗು ಬಂತು. ಹಲ್ಲು ಕಚ್ಚಿ ಹಿಡಿದೆ. ಕಾರು ಮೆತ್ತಗೆ ಇಳಿದು ಮೆತ್ತಗೆ ಏರಿತು. ಕನ್ನಡಿಯಲ್ಲಿ ನೋಡಿದರೆ ಅವ್ವ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. "ಎಲ್ಲಿ ಹೋತೋ ಅದು?" ಎಂದಳು.

ಹತ್ತಿರದ ದಾರಿ ಮಳೆಗೆ ಕಿತ್ತುಹೋಗಿತ್ತು. ಅಥಣಿ ಸುತ್ತಿ ಹೋದೆವು. ಅಲ್ಲಿ ಎಲ್ಲರೂ ನೀರಿಗೆಂದು ಇಳಿದಾಗ ಕಾರನ್ನು ನೆರಳಿಗೆ ಒಯ್ಯಲು ಹೋದೆ. ಠಣ್! ಕೆಳಗೆ ಬಗ್ಗಿ ನೋಡಿದೆ. ಭಾರ ಹೊರುವ ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳ ಅಡಿಯಲ್ಲಿ ಒಂದು ದಪ್ಪ ಪಟ್ಟಿ ಬೇರೆಯೇ ಇತ್ತು, ಉಳಿದವಕ್ಕೆ ತಾಗದೆ ಬೆರಳು ಹಿಡಿಸುವಷ್ಟು ಬಿಟ್ಟುಕೊಂಡಿತ್ತು.

ಅವ್ವನಿಗೆ ಹೇಳಿದರೆ ಬೆನ್ನು ಹಿಡಿದುಕೊಂಡೇ ನಕ್ಕಳು. "ತಂಬಾಕಿನ ಚೀಲ ಹೇರಿ ಹೇರಿ ಬುಡ ನೆಲಕ್ಕ ಹತ್ತತಿತ್ತು. ನಿಮ್ಮಪ್ಪ ಟ್ರಾಲಿ ಪಟ್ಟಿ ಒಂದ ಹೆಚ್ಚಿಗಿ ಹಾಕಿಸಿದ್ರು. ಅವ್ರಿಗೆ ಕಾರಂದ್ರ ಚಕ್ಕಡಿನ."

ಭಾರ ಬಿದ್ದರೆ ಪಟ್ಟಿಗಳು ಒಂದಕ್ಕೊಂದು ಕೂಡಿ ಸುಮ್ಮನಾಗುತ್ತಿದ್ದವು. ಖಾಲಿ ಇದ್ದರೆ ಬಡಿದಾಡುತ್ತಿದ್ದವು. ಎಷ್ಟು ಸರಳ, ಎಷ್ಟು ಅದ್ಭುತ! ನೋಯುವ ಬೆನ್ನೆಂದು ಅವ್ವನನ್ನು ಆರಾಮಾಗಿ ಒಬ್ಬಳನ್ನೇ ಕೂಡಿಸಿ ಅವಳನ್ನು ಕುಟ್ಟಿದವನು ನಾನೇ.

ಅಥಣಿಯಿಂದ ಮುಂದೆ ಸದ್ದಿಲ್ಲದ ಕಾರಿನೊಳಗೆ ಏನೇನೋ ಕೇಳತೊಡಗಿತು. ಕಬ್ಬಿನ ಗರಿಗಳ ಸರಸರ, ಮಂಗಸೂಳಿಯ ಕಡೆಯಿಂದ ಬಂದ ಗಂಟೆ, ಹೆಂಗಸರು ಮೆಲ್ಲಗೆ ಹೇಳುತ್ತಿದ್ದ ಣಮೋಕಾರ ಮಂತ್ರ. ಅವರ ನಡುವೆ ಒತ್ತಾಗಿ ಕೂತ ಅವ್ವನಿಗೆ ನಿದ್ದೆ ಹತ್ತಿತ್ತು.

ಕಾಗವಾಡದಲ್ಲಿ ಮಾತಾಜಿ ಆಗಲೇ ಕಮಂಡಲು, ನವಿಲುಗರಿಯ ಪಿಂಛಿ ಹಿಡಿದು ಬಸದಿಯ ಮೆಟ್ಟಿಲಿಳಿಯುತ್ತಿದ್ದರು. ಬಿಳಿ ಸೀರೆ, ಬೋಳಿಸಿದಂತೆ ಕಾಣುವ ತಲೆ, ಒಡೆದ ಅಂಗಾಲು. ತಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿಗೆ ಅವ್ವ ನೆಲ ಮುಟ್ಟಿ ಬಾಗಿ, "ವಂದಾಮಿ ಮಾತಾಜಿ" ಎಂದಳು.

ಮಾತಾಜಿ ಪಿಂಛಿ ಎತ್ತಿ ಹರಸಿದರು. "ಬೆನ್ನುನೋವು ಹೆಂಗೈತ್ರಿ?" ಎಂದರು. ಅಷ್ಟೇ ಮಾತು.

"ಈಗ ಆರಾಮ ಐತ್ರಿ" ಎಂದಳು ಅವ್ವ.

ಜನ ಮಾತಾಜಿಯನ್ನು ಕಳಿಸಲು ಹಿಂದೆ ನಡೆದರು. ಅವ್ವನೂ ಚಪ್ಪಲಿ ಬಿಟ್ಟು ನಡೆದಳು. ನಾನು ಕಾರು ತರುತ್ತೇನೆಂದರೆ ಕೈಬೀಸಿ ಬೇಡವೆಂದಳು. ಊರ ಗಡಿಯಲ್ಲಿ ಎಲ್ಲರೂ ನಿಂತರು. ಮಾತಾಜಿ ನಿಲ್ಲಲಿಲ್ಲ. ಬಿಳಿ ಸೀರೆ ಬಿಸಿಲಲ್ಲಿ ಸಣ್ಣದಾಗುತ್ತ ಹೋಯಿತು.

"ಒಮ್ಮೆಯಾದ್ರೂ ತಿರುಗಿ ನೋಡ್ತಾರ ಅನಕೊಂಡಿದ್ದೆ" ಎಂದೆ ನಾನು.

"ಯಾಕ ನೋಡಬೇಕು? ಆಕಿ ಬಿಟ್ಟು ಹೋದಾಕಿ" ಎಂದಳು ಅವ್ವ. ಕಣ್ಣು ಮಾತ್ರ ದಾರಿಯ ಮೇಲೆಯೇ ಇತ್ತು. "ನೋಡ್ಲಾಕ ನಾ ಬಂದೀನಲ್ಲ."