ಸುಬ್ಬಿಯ ಹೊಟ್ಟೆಯೊಳಗಿನ ಎಪ್ಪತ್ತೈದು ದ್ರಾಕ್ಷಿ

ಭಾನುವಾರ ಸಂಜೆ ಆರಕ್ಕೆ ಸಿರುಗುಪ್ಪ ಬಿಟ್ಟೆವು. ಕಾರಿನ ಹಿಂದಿನ ಸೀಟಿನಲ್ಲಿ ನಾನು, ನಮ್ಮ ಅತ್ತೆ, ನಡುವೆ ಹಳೇ ಜಮಖಾನದಲ್ಲಿ ಸುತ್ತಿಕೊಂಡ ನಮ್ಮ ನಾಯಿ ಸುಬ್ಬಿ. ಯಜಮಾನರು ಯಾರದೋ ಮದುವೆಗೆಂದು ರಾಯಚೂರಿಗೆ ಹೋಗಿದ್ದರು. ನಾಯಿ ಎಂದ ಕೂಡಲೇ ಇಬ್ಬರು ಬಾಡಿಗೆ ಕಾರಿನವರು ಫೋನಿನಲ್ಲೇ ಕೈ ಮುಗಿದಿದ್ದರು. ಮೂರನೆಯವರಾದ ಖಾಜಾ ಸಾಹೇಬರು ಮಾತ್ರ, ಸೀಟಿಗೆ ತಾಡಪತ್ರಿ ಹಾಸುತ್ತೇನೆ, ಬನ್ನಿ ಟೀಚರ್ ಎಂದರು. ಬಳ್ಳಾರಿಗೆ ಹೋಗಿಬರಲು ಎರಡು ಸಾವಿರ. ಚೌಕಾಸಿ ಮಾಡುವ ಹೊತ್ತು ಅದಾಗಿರಲಿಲ್ಲ.

ಸುಬ್ಬಿ ಐದು ಗಂಟೆಯಿಂದ ಎರಡು ಸಲ ಬಿಳಿ ನೊರೆ ವಾಂತಿ ಮಾಡಿಕೊಂಡು ಹಿತ್ತಲ ಬಚ್ಚಲ ಮೂಲೆಯಲ್ಲಿ ಬಿದ್ದಿತ್ತು. ಓಣಿಯಲ್ಲಿ ಬುಲೆಟ್ ಗಾಡಿಯ ಸದ್ದು ಕೇಳಿದರೆ ಸಾಕು ಅದರ ಹಿಂದೆ ಮೂರು ಮನೆಯವರೆಗೆ ಓಡುವ ಪ್ರಾಣಿ, ಎದುರಿಗೇ ಬೆಕ್ಕು ಹಾದುಹೋದರೂ ತಲೆ ಎತ್ತಲಿಲ್ಲ. ಬೆಕ್ಕಿಗೇ ಅವಮಾನವಾದಂತಿತ್ತು. ರಜೆಯಾದ್ದರಿಂದ ಊರಿನ ದನದ ದವಾಖಾನೆಗೆ ಬೀಗ. ನನಗೆ ಆಶ್ಚರ್ಯವಾದದ್ದು ಅತ್ತೆ ಹೊರಟು ನಿಂತದ್ದು. ಮಡಿ ಎಂದರೆ ಮಡಿ ಎನ್ನುವ ಹೆಂಗಸು ಅವರು. ನಾಲ್ಕು ವರ್ಷದಲ್ಲಿ ಸುಬ್ಬಿಯನ್ನು ಹಿತ್ತಲ ಹೊಸ್ತಿಲು ದಾಟಲು ಬಿಟ್ಟವರಲ್ಲ, ಮುಟ್ಟಿದವರಂತೂ ಅಲ್ಲವೇ ಅಲ್ಲ. ನೀವ್ಯಾಕೆ ಆಯಾಸ ಮಾಡಿಕೊಳ್ಳುತ್ತೀರಿ ಎಂದರೆ ಸೀದಾ ಕಾರು ಹತ್ತಿ ಕೂತುಬಿಟ್ಟರು.

ತೆಕ್ಕಲಕೋಟೆಯವರೆಗೂ ರಸ್ತೆಯ ಅಂಚಿನಲ್ಲಿ ಭತ್ತ ಒಣಹಾಕಿದ್ದರು. ಖಾಜಾ ಸಾಹೇಬರು ಒಂದು ಕಾಳೂ ತುಳಿಯದಂತೆ ಕಾರು ಹೊರಳಿಸುತ್ತಿದ್ದರು, ನನಗೋ ಒಂದೊಂದು ನಿಮಿಷವೂ ಭಾರ. ಅಲ್ಲಿಂದ ಮುಂದೆ ದೊಡ್ಡ ರಸ್ತೆ ಬಿಟ್ಟು ಕುರುಗೋಡಿಗೆ ತಿರುಗಿದೆವು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ಒಬ್ಬರು ಅಲ್ಲಿದ್ದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ನಾವು ಮುಟ್ಟುವ ಹೊತ್ತಿಗೆ ಊರ ಹಿಂದಿನ ಬಂಡೆ ಗುಡ್ಡಗಳು ಕಪ್ಪಾಗಿದ್ದವು.

ಅವರು ಬನಿಯನ್ನಿನಲ್ಲೇ ಬ್ಯಾಟರಿ ಹಿಡಿದು ಬಂದು, ಕಾರಿನ ಬಾಗಿಲಲ್ಲೇ ಕೂತು ಸುಬ್ಬಿಯ ತುಟಿ ಮಗುಚಿ ವಸಡು ನೋಡಿದರು, ಮೈಯಲ್ಲಿ ನೀರು ಬತ್ತಿದೆಯೇ ಎಂದು ಕತ್ತಿನ ಚರ್ಮ ಹಿಡಿದೆಳೆದು ಬಿಟ್ಟರು. ಏನು ತಿಂದಿದೆ ಎಂದು ಕೇಳಿದರು. ಮಧ್ಯಾಹ್ನ ಮೊಸರನ್ನ ಎಂದೆ. ಅತ್ತೆ ಗುಡ್ಡದ ಕಡೆ ನೋಡುತ್ತಿದ್ದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇ ಎಂದು ನಾನು ಕೇಳಿದ್ದಕ್ಕೆ ಕಾಂಪೌಂಡರ್ ಗದರಿಯೇಬಿಟ್ಟರು. "ಉಪ್ಪು, ಎಣ್ಣಿ, ಅರಿಶಿಣ ಏನೂ ಹಾಕಬ್ಯಾಡ್ರಿ ಟೀಚರ್. ರೋಗಕ್ಕಿಂತ ಮೊದ್ಲ ನಿಮ್ಮ ಔಷಧನ ಸಾಯಿಸ್ತೈತಿ." ಇದು ತನ್ನ ಕೈ ಮೀರಿದ್ದು ಎಂದು, ರಾತ್ರಿಯೂ ತೆರೆದಿರುವ ಬಳ್ಳಾರಿಯ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ತಾವೇ ಫೋನು ಹಚ್ಚಿದರು. ಮೊದಲೇ ತಿಳಿಸಿದರೆ ಡಾಕ್ಟರು ಸಿದ್ಧವಾಗಿರುತ್ತಾರಂತೆ. ಸಿರುಗುಪ್ಪದಲ್ಲೇ ನಾನು ಮಾಡಬೇಕಾಗಿದ್ದ ಕೆಲಸ ಅದು. ಊರ ಮಕ್ಕಳಿಗೆಲ್ಲ ಪಾಠ ಹೇಳುವವಳಿಗೆ ಅಷ್ಟೂ ಹೊಳೆದಿರಲಿಲ್ಲ.

ಬಳ್ಳಾರಿ ಮುಟ್ಟಿದಾಗ ಏಳೂ ಮುಕ್ಕಾಲು. ಪಾರ್ವತಿನಗರದ ಹತ್ತಿರ ಅರ್ಧ ಇಳಿಸಿದ ಶಟರ್, ಪಕ್ಕದಲ್ಲಿ ಬೆಲ್ಲು. ಮುಚ್ಚಿದೆ ಎಂದುಕೊಂಡು ಹಿಂದಿರುಗಬಾರದು, ಬೆಲ್ಲು ಒತ್ತಬೇಕು. ಒಳಗೆ ಮೊದಲು ಸುಬ್ಬಿಯನ್ನು ತೂಗಿದರು: ಹದಿನಾಲ್ಕು ಕಿಲೋ. ಎಷ್ಟೇ ಸಾಧುವಾದರೂ ನೋವಿನಲ್ಲಿ ಕಚ್ಚೀತೆಂದು ಮೂತಿಗೆ ಬ್ಯಾಂಡೇಜು ಬಟ್ಟೆ ಕಟ್ಟಿದರು. ಅಷ್ಟರಲ್ಲಿ ಹಲಕುಂದಿಯ ರೈತರೊಬ್ಬರು ಹೊಟ್ಟೆ ಉಬ್ಬಿ ತಮಟೆಯಾಗಿದ್ದ ಆಡನ್ನು ಹೊತ್ತುಕೊಂಡು ಬಂದರು. ಅದನ್ನು ನೇರವಾಗಿ ಒಳಗೆ ಕರೆದೊಯ್ದರು. ನಾವು ಮೊದಲು ಬಂದವರು ಎಂದು ಅತ್ತೆ ಜಗಳಕ್ಕೇ ನಿಂತರು. ಇಲ್ಲಿ ಸರದಿಯಿಲ್ಲ, ಉಸಿರಾಟಕ್ಕೆ ತೊಂದರೆಯಾದ ಪ್ರಾಣಿ ಮೊದಲು ಎಂದು ಸಹಾಯಕಿ ಸಮಾಧಾನ ಹೇಳಿದಳು. ಹತ್ತು ನಿಮಿಷದಲ್ಲಿ ಆಡು ಗಾಳಿ ಬಿಟ್ಟ ಸದ್ದು ಹೊರಗಿನವರೆಗೆ ಕೇಳಿಸಿತು. ರೈತರು ನಗುತ್ತಾ ಹೊರಬಂದರು. ಖಾಜಾ ಸಾಹೇಬರು ಮಾಷಾ ಅಲ್ಲಾಹ್ ಎಂದರು.

ಡಾಕ್ಟರು ಮೂವತ್ತು ದಾಟದ ಹೆಣ್ಣುಮಗಳು. ಮುಟ್ಟಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಎಷ್ಟು ಹೊತ್ತಿಗೆ ವಾಂತಿ, ಯಾವ ಬಣ್ಣ, ಉಚ್ಚೆ ಯಾವಾಗ ಹೊಯ್ದದ್ದು. ಆಮೇಲೆ ಒಂದೊಂದೇ ಹೆಸರು: ಇಲಿ ಪಾಷಾಣ? ಚಾಕೊಲೇಟು? ಉಳ್ಳಾಗಡ್ಡಿ? ದ್ರಾಕ್ಷಿ? ನಾನು ಎಲ್ಲಕ್ಕೂ ಇಲ್ಲ ಎನ್ನುತ್ತಾ ಹೋದೆ. ಕೊನೆಯ ಹೆಸರಿಗೆ ಅತ್ತೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಒಣದ್ರಾಕ್ಷಿನೂನಾ?" ಎಂದರು.

ಅದೇ ಹೆಚ್ಚು ಅಪಾಯ, ಕೆಲವು ನಾಯಿಗಳಿಗೆ ಎರಡು ದಿನದಲ್ಲಿ ಕಿಡ್ನಿ ನಿಂತುಹೋಗುತ್ತದೆ ಎಂದರು ಡಾಕ್ಟರು. ಅತ್ತೆ ಆಗ ನಡೆದದ್ದನ್ನೆಲ್ಲ ಹೇಳಿದರು.

ಕಣ್ಣಿನ ಆಪರೇಶನ್ ಸುಸೂತ್ರವಾಗಿದ್ದಕ್ಕೆ ಅತ್ತೆ ಹರಕೆ ತೀರಿಸಿದ್ದು ಅಂದು ಬೆಳಗ್ಗೆ. ದೇವರ ನೂರೆಂಟು ನಾಮಕ್ಕೆ ಒಂದೊಂದು ಒಣದ್ರಾಕ್ಷಿ ಏರಿಸಿ ಅರ್ಚನೆ. ಪ್ರಸಾದ ಉಳಿದರೆ ಚೆಲ್ಲುವಂತಿಲ್ಲ, ತುಳಿಯುವಂತಿಲ್ಲ. ನಾಲ್ಕು ಗಂಟೆಗೆ ಹಿತ್ತಲಲ್ಲಿ ಬಾಲ ಅಲ್ಲಾಡಿಸುತ್ತಾ ನಿಂತಿದ್ದ ಸುಬ್ಬಿಯನ್ನು ಕಂಡು ಕರುಳು ಚುರ್ರೆಂದು ಎಲ್ಲವನ್ನೂ ಎಲೆಯ ಮೇಲೆ ಸುರಿದಿದ್ದರು.

"ಪ್ರಸಾದದಿಂದ ಹೀಂಗಾತು ಅಂತ ಬಾಯಾಗ ಹ್ಯಾಂಗ ಅನ್ಲೆವಾ" ಎಂದು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಅಂದಾಜು ಎಷ್ಟಿರಬಹುದು, ಒಂದು ಹಿಡಿಯೇ ಎಂದು ಡಾಕ್ಟರು ಕೇಳಿದರು.

"ಅಂದಾಜು ಯಾಕ? ಎಪ್ಪತ್ತೈದು. ನೂರೆಂಟರಾಗ ನನಗ ಹನ್ನೊಂದು, ಸೊಸಿಗೆ ಹನ್ನೊಂದು, ಹೂ ತರೋ ಹುಡುಗಿಗೆ ಹನ್ನೊಂದು."

ಡಾಕ್ಟರು ಬರೆಯುವುದು ಬಿಟ್ಟು ಅವರ ಮುಖ ನೋಡಿದರು. ಇಷ್ಟು ಕರಾರುವಾಕ್ಕಾಗಿ ಹೇಳಿದವರನ್ನು ಈ ಮೇಜಿನ ಮುಂದೆ ತಾನು ಕಂಡೇ ಇಲ್ಲ ಎಂದರು.

ಮೂತಿಯ ಬಟ್ಟೆ ಬಿಚ್ಚಿ, ವಾಂತಿ ಬರಿಸುವ ಒಂದು ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಸುಬ್ಬಿ ಸ್ಟೀಲಿನ ತಟ್ಟೆಗೆ ಮೂರು ಸಲ ಕಾರಿಕೊಂಡಿತು. ಎಷ್ಟು ಹೊರಬಿತ್ತೆಂದು ತಿಳಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಡ್ಡಿ ಹಿಡಿದು ತಟ್ಟೆಯ ಮುಂದೆ ಕೂತರು. ಹಿತ್ತಲಲ್ಲಿ ನಾಯಿಯ ನೆರಳು ಬಿದ್ದರೆ ಸೀರೆ ಬದಲಿಸುವ ಹೆಂಗಸು ವಾಂತಿಯಲ್ಲಿ ಉಬ್ಬಿದ ದ್ರಾಕ್ಷಿ ಒಂದೊಂದನ್ನೇ ಬದಿಗೆ ಸರಿಸಿದರು. ಅರವತ್ತೆಂಟು. ಇನ್ನೂ ಏಳು ಒಳಗಿದ್ದವು. ಅದಕ್ಕೆ ಇದ್ದಿಲ ಪುಡಿಯ ಕರಿ ಔಷಧಿ ಕುಡಿಸಿ, ಕಾಲಿಗೆ ಸಲೈನ್ ಹಚ್ಚಿದರು. ಇನ್ನು ಉಚ್ಚೆ ಹೊಯ್ದರೆ ಅರ್ಧ ಗೆದ್ದಂತೆ ಎಂದರು.

ಎಂಟೂವರೆಯಾಯಿತು, ಒಂಬತ್ತಾಯಿತು. ಖಾಜಾ ಸಾಹೇಬರು ಮಿರ್ಚಿ ಮಂಡಕ್ಕಿ ತಂದರು. ಅತ್ತೆ ಮುಟ್ಟಲಿಲ್ಲ, ನಾನು ನಾಚಿಕೆಯಿಲ್ಲದೆ ಎರಡು ಮಿರ್ಚಿ ತಿಂದೆ. ಸುಬ್ಬಿ ಒದ್ದಾಡಿದರೆ ಸೂಜಿ ಕಳಚುತ್ತಿತ್ತು. ಅದಕ್ಕೆ ಅತ್ತೆ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಹದಿನಾಲ್ಕು ಕಿಲೋ. ತುಟಿಯಲ್ಲೇ ನಾಮ ನಡೆದಿತ್ತು. ಒಂಬತ್ತೂ ಕಾಲಿಗೆ ನಾನು ನೀರು ಕೊಡಲು ಹತ್ತಿರ ಹೋದರೆ, ಅವರ ಇಳಕಲ್ ಸೀರೆಯ ಮೇಲೆ ದೊಡ್ಡದೊಂದು ಒದ್ದೆ ಹರಡುತ್ತಿತ್ತು. ನಾನು ಗಾಬರಿಯಾಗಿ ನಾಯಿಯನ್ನು ಎತ್ತಲು ಕೈ ಚಾಚಿದೆ.

"ಅಲ್ಲಾಡಿಸಬ್ಯಾಡ" ಎಂದರು ಅತ್ತೆ. "ಪೂರಾ ಹೊಯ್ಲಿ."

ಹೊಯ್ದು ಮುಗಿಯುವವರೆಗೂ ಕಲ್ಲಿನಂತೆ ಕೂತಿದ್ದರು. ಆಮೇಲೆ ಅಳಲು ಶುರುಮಾಡಿದರು. ಡಾಕ್ಟರು ನಗುತ್ತಾ ಅವರ ಭುಜ ತಟ್ಟಿದರು.

ಪಾರ್ವತಿನಗರದಲ್ಲೇ ಇದ್ದ ನನ್ನ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದು ಬೆಳಗ್ಗೆ ಸಂಜೆ ಸಲೈನ್ ಹಾಕಿಸಿದೆವು. ಬುಧವಾರದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಸರಿಯಿದೆ ಎಂದು ಬಂತು. ಖಾಜಾ ಸಾಹೇಬರೇ ಮತ್ತೆ ಕಾರು ತಂದರು. ಬಳ್ಳಾರಿಯ ಕೋಟೆ ಗುಡ್ಡ ಹಿಂದೆ ಸರಿಯುವಾಗ ಸುಬ್ಬಿ ಕಿಟಕಿಯಿಂದ ಮೂತಿ ಹಾಕಿ, ಎದುರು ಬಂದ ಬುಲೆಟ್ ಗಾಡಿಗೆ ಬೊಗಳಿತು. ದಾರಿಯಲ್ಲಿ ಯಜಮಾನರ ಫೋನು ಬಂತು: ಓಣಿಯಲ್ಲಿ ಕೇಳಿದರೆ ಏನೋ ಹುಳ ತಿಂದಿತ್ತು ಎಂದು ಹೇಳಿ, ಅವ್ವನ ಹೆಸರು ಬೇಡ ಎಂದರು. ನಾನೂ ಒಪ್ಪಿದ್ದೆ.

ಸಿರುಗುಪ್ಪದಲ್ಲಿ ಇಳಿಯುವಷ್ಟರಲ್ಲಿ ಎದುರು ಮನೆಯವರೆಲ್ಲ ಕಟ್ಟೆಗೆ ಬಂದಿದ್ದರು. ಏನಾಗಿತ್ತು ಟೀಚರ್ ಎಂದರು. ನಾನು ಹುಳದ ಕಥೆ ತೆಗೆಯುವ ಮೊದಲೇ ಅತ್ತೆ ಕಾರಿನಿಂದಿಳಿದು, ಎಲ್ಲರಿಗೂ ಕೇಳುವ ಹಾಗೆ ಅಂದರು:

"ನಾನ ದ್ರಾಕ್ಷಿ ತಿನಿಸಿದ್ದೆ. ಕೊಂದ ಬಿಡ್ತಿದ್ದೆ. ನಿಮ್ಮ ನಾಯಿಗೆ ಹಾಕಬ್ಯಾಡ್ರಿ."