ಗೋಡೆಯ ಮೇಲಿನ ಭೂಮಧ್ಯ ರೇಖೆ

ನಮ್ಮ ಕಿಟಕಿ ತೆರೆದರೆ ಇಡೀ ಜಗತ್ತು ಕಾಣುತ್ತದೆ. ಇದು ಜಂಬದ ಮಾತಲ್ಲ. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮ ಮನೆ. ಮಣ್ಣು ಜಾರದಂತೆ ಕಟ್ಟಿದ ಎತ್ತರದ ತಡೆಗೋಡೆ ಕಿಟಕಿಯ ಎದುರಿಗೇ ಇದೆ. ಹೋದ ಬೇಸಿಗೆಯಲ್ಲಿ ಮಳೆಗಾಲದ ಮುಂಚಿನ ರಿಪೇರಿ ನಡೆದಾಗ ಸೊಸೈಟಿಯವರು ಅದರ ಮೇಲೆ ಜಗತ್ತಿನ ನಕಾಶೆ ಬರೆಸಿದರು. ಕಾಲೊನಿಯ ಮಕ್ಕಳಿಗೆ ಭೂಗೋಳದ ಟ್ಯೂಷನ್ ಹೇಳುವವಳು ನಾನು. ಭೂಮಧ್ಯ ರೇಖೆಯನ್ನು ದಾರ ಹಿಡಿದು ಎಳೆಸಿದವಳೂ ನಾನೇ. ಸೊಟ್ಟಗಾದರೆ ನನ್ನ ಮಾನ ಹೋಗುತ್ತದೆ ಎಂದು ಪೇಂಟರನ ತಲೆ ತಿಂದಿದ್ದೆ.

ಆ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಕೊಳವೆಗಳಿದ್ದವು. ಗುಡ್ಡ ಕುಡಿದ ಮಳೆನೀರು ಅವುಗಳಿಂದ ಹೊರಗೆ ಸುರಿಯಬೇಕು. ನಾನು ಮದುವೆಗೆಂದು ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಸಮುದ್ರಗಳೆಲ್ಲ ಸ್ವಚ್ಛವಾಗಿದ್ದವು. ನೀಲಿ ಬಣ್ಣದ ನಡುವೆ ಪಾಚಿಗಟ್ಟಿದ ಕೊಳವೆಗಳು ಅಸಹ್ಯವೆಂದು ಅವುಗಳ ಮೂತಿ ಕತ್ತರಿಸಿ, ಸಿಮೆಂಟು ತುಂಬಿ, ಮೇಲೆ ಬಣ್ಣ ಬಳಿದಿದ್ದರು. ಚಂದ ಕಾಣುತ್ತದೆ ಎಂದು ಎಲ್ಲರೂ ಹೊಗಳಿದರಂತೆ. ನಾನು ಮಾತ್ರ ಮುಚ್ಚಿದ ಮೂತಿಗಳನ್ನು ಒಂದೊಂದಾಗಿ ಎಣಿಸಿದೆ.

ಮುಂಬಯಿ ನಿಂತಿರುವುದು ಲಾವಾ ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಮೇಲೆ ಎಂದು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಲ್ಲು ಗಟ್ಟಿ, ಆದರೆ ಅದರ ಮೇಲಿನ ಗರಸು ಮಣ್ಣು ಗಟ್ಟಿಯಲ್ಲ. ನೀರು ಕುಡಿದರೆ ಅದರ ಭಾರ ಹೆಚ್ಚುತ್ತದೆ, ಹಿಡಿತ ಸಡಿಲಾಗುತ್ತದೆ, ದಾರಿ ಸಿಗದ ನೀರು ಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಇದನ್ನೆಲ್ಲ ಹೇಳುವಾಗ ನನಗೆ ಯಾವತ್ತೂ ಭಯವಾಗಿರಲಿಲ್ಲ. ಈಗ ಬಾಣದ ತುದಿಯಲ್ಲಿ ನನ್ನ ಅತ್ತೆಯ ಮಂಚವಿತ್ತು. ಸೊಂಟ ಮುರಿದು ಆಪರೇಷನ್ ಆದ ಮೇಲೆ ಅವರು ಆ ಕಿಟಕಿಯ ಪಕ್ಕದಲ್ಲೇ ಮಲಗಿರುತ್ತಿದ್ದರು, ಎದ್ದು ಓಡುವ ಮಾತೇ ಇರಲಿಲ್ಲ.

ಸೊಸೈಟಿಯ ಸೆಕ್ರೆಟರಿ ಉಡುಪಿ ಕಡೆಯವರು, ಮಾಟುಂಗದಲ್ಲಿ ಹೋಟೆಲು. ಕೊಳವೆ ತೆರೆಸಿ ಎಂದು ಜೂನ್ ಪೂರ್ತಿ ಅವರ ಹಿಂದೆ ಬಿದ್ದೆ. ಪ್ರತಿ ಸಲವೂ ಒಂದು ಚಹಾ ಕುಡಿಸಿ, ನೋಡುವ ಎಂದು ಕಳಿಸುತ್ತಿದ್ದರು.

ಜುಲೈಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ದಿನ ಲೋಕಲ್ ರೈಲು ಕೂಡ ನಿಂತು ನನ್ನ ಗಂಡ ಗೋರೆಗಾಂವ್‌ನ ಆಫೀಸಿನಲ್ಲೇ ಸಿಕ್ಕಿಕೊಂಡರು. ನಾನು ಕೊಡೆ ಹಿಡಿದು ಗೋಡೆಯ ಮೂಲೆಗೆ ಹೋಗಿ, ಒಂದು ಕಣ್ಣು ಮುಚ್ಚಿ, ಭೂಮಧ್ಯ ರೇಖೆಯ ಉದ್ದಕ್ಕೂ ನೋಡಿದೆ. ಬೇಸಿಗೆಯಲ್ಲಿ ನೆಟ್ಟಗಿದ್ದ ರೇಖೆ ನಡುವೆ, ನಮ್ಮ ಕಿಟಕಿಯ ನೇರಕ್ಕೆ, ಬಸುರಿಯ ಹೊಟ್ಟೆಯಂತೆ ಮುಂದೆ ಬಂದಿತ್ತು.

ಒಳಗೆ ಓಡಿ, ಮಂಚ ಬಿಡಬೇಕು, ಮೇಲಿನ ಮನೆಗೆ ಹೋಗೋಣ ಎಂದು ಅತ್ತೆಗೆ ಹೇಳಿದೆ.

“ನಾ ಎಲ್ಲೂ ಬರೂದಿಲ್ಲವಾ. ಮಂದಿ ಮನ್ಯಾಗ ಹೋಗಿ ಕಾಲು ಚಾಚಿ ಮಲಗೂದೇನು?” ಎಂದು ಅವರು ಗೋಡೆಯ ಕಡೆಗೇ ಹೊರಳಿದರು.

ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ಸೆಕ್ರೆಟರಿಯವರ ಬಾಗಿಲಿಗೆ ಒಯ್ದೆ.

“ಎಂತ ಆಗುದಿಲ್ಲ ಟೀಚರ್, ನೀವು ಸುಮ್ಮನೆ ಹೆದರುದು,” ಎಂದರು ಅವರು.

“ಏನೂ ಆಗೂದಿಲ್ಲ ಅಂದ್ರ, ಬಂದು ಒಂದು ತಾಸು ನಮ್ಮತ್ತಿ ಬಾಜೂಕ ಕೂಡ್ರಿ,” ಎಂದೆ.

ಮರ್ಯಾದೆಗೆ ಅಂಜಿ ಬಂದರು. ಮೊದಲು ಅವರನ್ನು ಗೋಡೆಯ ಮೂಲೆಗೆ ಕರೆದೊಯ್ದು ರೇಖೆ ತೋರಿಸಿದೆ. ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ಮಂಚದ ಬಳಿ ಕೂರುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವರು ಬಯ್ಯುತ್ತಿರುವಂತೆಯೇ, ಸೆಕ್ರೆಟರಿಯವರೂ ವಾಚ್‌ಮನ್ನೂ ಮೇಲಿನ ಮಹಡಿಗೆ ಹೊತ್ತರು. ನಮ್ಮ ಸಾಲಿನ ಉಳಿದ ಮನೆಗಳನ್ನೂ ಖಾಲಿ ಮಾಡಿಸಿದೆವು.

ಸೆಕ್ರೆಟರಿಯವರು ಮುನಿಸಿಪಾಲಿಟಿಗೂ ಎಂಜಿನಿಯರಿಗೂ ಫೋನು ಹಚ್ಚಿದರು, ರಸ್ತೆಯಲ್ಲಿ ನಿಂತ ನೀರಿನಲ್ಲಿ ಯಾರೂ ಬರುವಂತಿರಲಿಲ್ಲ. ವಾಚ್‌ಮನ್‌ನ ಹಾರೆ ಹಿಡಿದು, ಉಬ್ಬಿದ ಜಾಗ ಬಿಟ್ಟು ಗೋಡೆಯ ಎರಡು ತುದಿಗಳಲ್ಲಿ ಸಿಮೆಂಟು ಒಡೆದೆವು. ಮಾಡಬಾರದ ಹುಚ್ಚು ಸಾಹಸ ಎಂದು ಗೊತ್ತಿತ್ತು. ಪೆಸಿಫಿಕ್ ಸಾಗರದಿಂದ ಕೆಂಪು ನೀರು ಚಿಮ್ಮಿ ಸೆಕ್ರೆಟರಿಯವರ ಬಿಳಿ ಅಂಗಿಯನ್ನೆಲ್ಲ ತೋಯಿಸಿತು. ಕೆಂಪು ನೀರು ಎಂದರೆ ಒಳಗಿನ ಮಣ್ಣೇ ಹೊರಡುತ್ತಿದೆ ಎಂದರ್ಥ. ತಿಳಿಯಾಗುವವರೆಗೆ ಯಾರೂ ಕೆಳಗೆ ಮಲಗಬಾರದು ಎಂದೆ. ಮೇಲಿನಿಂದ ಅತ್ತೆ ಹೊತ್ತುಹೊತ್ತಿಗೂ, ನೀರು ತಿಳಿಯಾಯಿತೇ ಎಂದು ಕೇಳಿ ಕಳಿಸುತ್ತಿದ್ದರು. ಮರುದಿನ ಮಧ್ಯಾಹ್ನ ತಿಳಿಯಾಯಿತು. ಮಳೆ ನಿಂತ ಮೇಲೆ ಎಂಜಿನಿಯರು ಬಂದು ಉಬ್ಬಿದ ಭಾಗವನ್ನು ಕೆಡವಿ ಕಟ್ಟಿಸಿದರು, ಮುಚ್ಚಿದ ಕೊಳವೆಗಳನ್ನೆಲ್ಲ ತೆರೆಸಿದರು. ಆಫ್ರಿಕಾ ಅರ್ಧ ಹೋಯಿತು, ಹೋಗಲಿ.

ಎಲ್ಲ ಸರಿಯಾಗಿದೆ ಎಂದು ಎಂಜಿನಿಯರು ಬರೆದುಕೊಟ್ಟಿದ್ದಾರೆ. ಆದರೆ ನನಗೆ ಸಮಾಧಾನವಿಲ್ಲ. ಈ ಮಳೆಗಾಲದಲ್ಲಿ ಅತ್ತೆಯ ಮಂಚವನ್ನು ಒಳಗಿನ ಗೋಡೆಗೆ ಸರಿಸಿದ್ದೇನೆ. ಭೂಗೋಳದ ಗಂಧವೂ ಇಲ್ಲದ ಅವರು ಈಗ ಖಂಡಗಳ ಹೆಸರೆಲ್ಲ ಕಲಿತು, ಹಗಲೆಲ್ಲ ದಿಂಬಿಗೆ ಒರಗಿ ಕಿಟಕಿಯಾಚೆಯ ಕೊಳವೆಗಳನ್ನು ಕಾಯುತ್ತಾರೆ. ನೀರು ಸುರಿಯುವ ಸದ್ದು ಕೇಳುತ್ತಿದ್ದರಷ್ಟೇ ನನಗೆ ಅಡುಗೆಯಲ್ಲಿ ಕೈ ಓಡುತ್ತದೆ.

ನಿನ್ನೆ ಜೋರು ಮಳೆ. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಅತ್ತೆ ಒಳಗಿನಿಂದ ಮೆಲ್ಲಗೆ ಕರೆದರು.

“ಆಸ್ಟ್ರೇಲಿಯಾದ ಬಾಜೂಕಿಂದು ನಿಂತದ ನೋಡವಾ.”

ಒಲೆ ಆರಿಸಿದೆ. ಪ್ಲಾಸ್ಟಿಕ್ ಕುರ್ಚಿಯನ್ನು ಅವರ ಮಂಚಕ್ಕೆ ತಾಗಿಸಿ ಇಟ್ಟೆ. ಈ ಸಲ ಅವರು ಬಯ್ಯದೆ, ಕುರ್ಚಿಗೆ ಇಳಿಯಲು ತಾವೇ ನನ್ನ ಕೊರಳಿಗೆ ಕೈ ಹಾಕಿದರು.